ಅಡಕೆಗೇಕೆ ತಾನ?

"ಶ್ರುತಿ ಚೆನ್ನಾಗಿದೆ, ಲಯ ಚೆನ್ನಾಗಿದೆ, ಭಾವ ಸಾಲದು."

ಗಾಯನ ಸ್ಪರ್ಧೆಯೊಂದರಲ್ಲಿ ತೀರ್ಪುಗಾರರೊಬ್ಬರು ನಮ್ಮೂರಿನ ಒಂಬತ್ತನೇ ಕ್ಲಾಸಿನ ಹುಡುಗಿಗೆ ಹೇಳಿ ಕಳಿಸಿದ್ದು ಇಷ್ಟೇ. ಮರುದಿನ ಸಂಜೆ ಅವಳು ನಮ್ಮ ಮನೆ ಜಗಲಿಗೆ ಬಂದು ಕೂತಳು. ಅಳಲಿಲ್ಲ, ಸಿಟ್ಟೂ ಮಾಡಲಿಲ್ಲ. ಲೆಕ್ಕದ ಡೌಟು ಕೇಳುವ ಹಾಗೆ ಕೇಳಿದಳು: "ಸಾರ್, ಶ್ರುತಿಗೆ ತಂಬೂರಿ ಹಾಕ್ಕೊಂಡು ಕೂರ್ತೀನಿ. ಲಯಕ್ಕೆ ನೀವು ಠೇಕಾ ಕೊಡ್ತೀರಿ. ಭಾವನ ಯಾವುದರ ಜೊತೆ ಪ್ರಾಕ್ಟೀಸ್ ಮಾಡೋದು?"

ನಾನು ಇರುವುದು ಸೊರಬ ತಾಲೂಕಿನ ಜಡೆಯಲ್ಲಿ. ಪ್ರಾಥಮಿಕ ಶಾಲೆಯ ಮಾಸ್ತರಿಕೆ ಮುಗಿಸಿ ಮನೆಯಲ್ಲಿದ್ದೇನೆ. ತಬಲಾ ನನ್ನ ಹಳೆಯ ಹುಚ್ಚು. ಭಜನೆ, ವಚನ ಗಾಯನ, ಮಠದ ಕಾರ್ಯಕ್ರಮ, ಮದುವೆ, ಗಣಪತಿ ಪೆಂಡಾಲು ಎಂದು ಎಲ್ಲಿ ಕರೆದರೂ ಸಾಥ್‌ಗೆ ಹೋದವನು. ವೇದಿಕೆಯ ಮೇಲೆ ಸಾಥಿಯದು ವಿಚಿತ್ರ ಜಾಗ. ಹಾಡುವವರ ಪಕ್ಕದಲ್ಲೇ ಕೂತಿರುತ್ತೇವೆ, ಕೇಳುವವರ ಮುಖವೂ ಕಾಣುತ್ತಿರುತ್ತದೆ. ಎಲ್ಲಿ ಚಪ್ಪಾಳೆ ಬಿತ್ತು, ಎಲ್ಲಿ ಜನ ಮಾತು ನಿಲ್ಲಿಸಿದರು ಎಂಬುದು ನಮಗೆ ಗೊತ್ತಾದಷ್ಟು ಹಾಡುವವರಿಗೇ ಗೊತ್ತಾಗುವುದಿಲ್ಲ. ಆ ಜಾಗದಲ್ಲಿ ಕೂತು ಕಂಡದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ತಯಾರಿ ಮೇಲೋ, ಭಾವ ಮೇಲೋ ಎಂಬ ಜಗಳ ನಮ್ಮ ಭಜನಾ ಮಂಡಳಿಯಲ್ಲಿ ನಿಂತದ್ದೇ ಇಲ್ಲ. ತಾಳ ತಪ್ಪಿದ ಪ್ರತಿಯೊಬ್ಬನಿಗೂ ಬಸವಣ್ಣನವರ ಒಂದು ವಚನ ನೆನಪಾಗುತ್ತದೆ. ತಾಳದ ಲೆಕ್ಕ, ಛಂದಸ್ಸಿನ ಗಣ ಇವೊಂದೂ ತನಗೆ ತಿಳಿಯದು, ಪ್ರೀತಿ ಬಂದ ಹಾಗೆ ಹಾಡುತ್ತೇನೆ ಎಂಬ ಅರ್ಥದ್ದು. "ಅಣ್ಣನವರೇ ಹೇಳ್ಯಾರಲ್ಲ ಮೇಷ್ಟ್ರೆ, ಭಕ್ತಿ ಇದ್ರೆ ಸಾಕು" ಎಂದು ದಮಡಿ ಹಿಡಿದವರು ನನ್ನ ಬಾಯಿ ಮುಚ್ಚಿಸುತ್ತಾರೆ. ಅವರಿಗೆ ನಾನು ಅದೇ ಬಸವಣ್ಣನವರ ಇನ್ನೊಂದು ವಚನ ನೆನಪಿಸುತ್ತೇನೆ. ಅದರಲ್ಲಿ ಅವರು ತಮ್ಮ ಮೈಯನ್ನು ದಂಡಿಗೆ ಮಾಡಿಕೊ, ತಲೆಯನ್ನು ಸೋರೆ ಮಾಡಿಕೊ, ನರವನ್ನು ತಂತಿ ಮಾಡಿಕೊ, ಬೆರಳನ್ನು ಕಡ್ಡಿ ಮಾಡಿಕೊ, ಮೂವತ್ತೆರಡು ರಾಗ ನುಡಿಸು ಎಂದು ದೇವರನ್ನು ಬೇಡುತ್ತಾರೆ. ವಾದ್ಯದ ಅಂಗಾಂಗ ಒಂದನ್ನೂ ಬಿಟ್ಟಿಲ್ಲ. ಸಂಗೀತದ ಗಂಧ ಇಲ್ಲದವರ ಮಾತೇ ಅದು? ತನಗೇನೂ ತಿಳಿಯದು ಎಂದದ್ದು ಅವರ ವಿನಯ. ಅದನ್ನು ರಜಾ ಚೀಟಿ ಮಾಡಿಕೊಂಡದ್ದು ನಮ್ಮ ಜಾಣತನ.

ಈ ಸೀಮೆಯವರಿಗೆ ಇನ್ನೂ ಹತ್ತಿರದ ಉದಾಹರಣೆ ಅಲ್ಲಮಪ್ರಭು. ಶಿಕಾರಿಪುರ ತಾಲೂಕಿನ ಬಳ್ಳಿಗಾವಿ ಅವರ ಊರು. ಶೂನ್ಯಸಿಂಹಾಸನ ಏರುವ ಮೊದಲು ಅವರು ಮದ್ದಳೆ ಬಾರಿಸುವ ಕಲಾವಿದರಾಗಿದ್ದರು ಎಂಬುದು ನಮ್ಮಲ್ಲಿ ಎಷ್ಟೋ ಜನರಿಗೆ ಮರೆತೇ ಹೋಗಿದೆ. ಈ ಮದ್ದಳೆಗಾರನ ಕತೆಯನ್ನು ನಮ್ಮ ಇಬ್ಬರು ಕವಿಗಳು ಎರಡು ರೀತಿ ಹೇಳಿದ್ದಾರೆ. ಹರಿಹರನ ರಗಳೆಯಲ್ಲಿ ಅಲ್ಲಮ ಪ್ರೀತಿಸಿದ ಕಮಲತೆ ತೀರಿಕೊಳ್ಳುತ್ತಾಳೆ. ಆ ದುಃಖದಲ್ಲಿ ಅಲೆಯುತ್ತಲೇ ಅವನಿಗೆ ಗುರು ಸಿಗುತ್ತಾನೆ. ಹದಿನೈದನೇ ಶತಮಾನದ ಚಾಮರಸನ 'ಪ್ರಭುಲಿಂಗಲೀಲೆ'ಯಲ್ಲಿ ಅಲ್ಲಮ ಬನವಾಸಿಯ ಮಧುಕೇಶ್ವರ ದೇವಾಲಯದಲ್ಲಿ ಮದ್ದಳೆ ನುಡಿಸುತ್ತಾನೆ. ಮಾಯೆ ಆ ನಾದಕ್ಕೆ ಮರುಳಾಗುತ್ತಾಳೆ, ನುಡಿಸುವವನು ಮಾತ್ರ ಯಾವುದಕ್ಕೂ ಸಿಕ್ಕಿಹಾಕಿಕೊಳ್ಳುವುದಿಲ್ಲ. ಒಬ್ಬ ಕವಿಯ ಮದ್ದಳೆಗಾರ ಅತ್ತು ಹಣ್ಣಾದವನು, ಇನ್ನೊಬ್ಬನ ಮದ್ದಳೆಗಾರ ಕೇಳುವವರನ್ನು ಅಲುಗಿಸಿ ತಾನು ಅಲುಗದವನು. ಕೈ ಪಳಗಿಲ್ಲ ಎಂದು ಇಬ್ಬರೂ ಹೇಳಿಲ್ಲ.

ಕತೆಯಾಗಿ ನನಗೆ ಹರಿಹರನದು ಇಷ್ಟ. ಚರ್ಮವಾದ್ಯ ಬಾರಿಸುವವನಾಗಿ ಚಾಮರಸನ ಕಡೆ. ಕಾರಣ ಹೇಳುತ್ತೇನೆ. ನಮ್ಮ ಕಡೆ ಸಾವಿನ ಮನೆಯಲ್ಲಿ ರಾತ್ರಿಯಿಡೀ ಭಜನೆ ಮಾಡುವ ಪದ್ಧತಿಯಿದೆ. ಹೆಣ ಎದುರಿಗೇ ಇರುತ್ತದೆ, ಮನೆಯವರು ಗೋಡೆಗೆ ಒರಗಿ ಕೂತಿರುತ್ತಾರೆ. ನಮ್ಮ ಹಾರ್ಮೋನಿಯಂನವರು ತಮ್ಮ ಖಾಸಾ ಅಣ್ಣ ಹೋದ ರಾತ್ರಿಯೂ ಪೆಟ್ಟಿಗೆ ಮುಂದೆ ಕೂತರು. ಬೇರೆಯವರು ಬಾರಿಸುತ್ತಾರೆ ಎಂದರೂ ಕೇಳಲಿಲ್ಲ. ತತ್ವಪದ ಹಾಡುವಾಗ ಅವರ ಬೆರಳು ಒಂದು ಸ್ವರವನ್ನೂ ತಪ್ಪಲಿಲ್ಲ, ಬಾತೆ ಒಮ್ಮೆಯೂ ಏದುಸಿರು ಬಿಡಲಿಲ್ಲ. ಅಲ್ಲಿದ್ದವರೆಲ್ಲ ಅತ್ತರು. ಹಾರ್ಮೋನಿಯಂನವರು ಅತ್ತದ್ದು ಮಣ್ಣು ಮಾಡಿ ಬಂದ ಮೇಲೆ, ಹಿತ್ತಲಲ್ಲಿ. ಅವರು ಹಾಡಿನ ಮಧ್ಯೆಯೇ ಕುಸಿದಿದ್ದರೆ ನಾವೆಲ್ಲ ಹಾಡು ಬಿಟ್ಟು ಅವರನ್ನು ಸಮಾಧಾನ ಮಾಡಲು ಏಳುತ್ತಿದ್ದೆವು, ಅಳಬೇಕಾದವರಿಗೆ ಅಳಲು ಜಾಗವೇ ಇರುತ್ತಿರಲಿಲ್ಲ. ಭಾವ ಎಂದರೆ ಹಾಡುವವನ ಕಣ್ಣೀರು ಎಂದುಕೊಂಡವರು ಒಮ್ಮೆ ಇಂಥ ರಾತ್ರಿಯಲ್ಲಿ ಕೂತು ನೋಡಬೇಕು.

ಹುಡುಗಿಯ ಪ್ರಶ್ನೆಗೆ ಬರುತ್ತೇನೆ. ಸ್ಪರ್ಧೆಯಲ್ಲಿ ಅವಳು ಹಾಡಿದ್ದು ಅಕ್ಕಮಹಾದೇವಿಯ ಕನಸಿನ ವಚನ. ಅಕ್ಕ ನಮ್ಮ ನೆರೆಯವಳು. ಶಿಕಾರಿಪುರ ತಾಲೂಕಿನ ಉಡುಗಣಿಯೇ ಹಿಂದಿನ ಉಡುತಡಿ. ಮಲ್ಲಿಕಾರ್ಜುನ ಮನಸೂರರು ಆ ವಚನ ಹಾಡಿದ್ದನ್ನು ಕೇಳಿಯೇ ನಮ್ಮ ಕಾಲದವರು ಅದನ್ನು ಕಲಿತದ್ದು. "ಸ್ಪರ್ಧೇಲಿ ಹೆಂಗೆ ಹಾಡಿದ್ಯೋ ಹಂಗೇ ಹಾಡು" ಎಂದೆ. ಹಾಡಿದಳು. ಭೈರವಿ, ಕೆಹರವಾ. ಗಂಟಲು ಬೆಣ್ಣೆ. ಆದರೆ ವಚನದ ಮೊದಲ ಕರೆಯಲ್ಲೇ ಒಂದು ಉದ್ದದ ತಾನ ಎಳೆದು ತಾರಸಪ್ತಕ ಮುಟ್ಟಿ ಇಳಿದಳು. ಆಮೇಲೆ ಕನಸಿನಲ್ಲಿ ಕಂಡ ಸಾಮಾನು ಬರುತ್ತದಲ್ಲ, ಅಕ್ಕಿ, ಅಡಕೆ, ತೆಂಗಿನಕಾಯಿ, ಅಲ್ಲಿ ಅಡಕೆಯ ಮೇಲೆ ಇನ್ನೊಂದು ತಾನ!

"ಅಡಕೆಗೆ ಯಾಕಮ್ಮ ತಾನ? ರೇಟು ಏರಿತು ಅಂತಲಾ?" ಎಂದೆ. ಕಿಸಕ್ಕನೆ ನಕ್ಕಳು. ಅವರ ಮನೆಯಲ್ಲೂ ತೋಟವಿದೆ.

ಆಮೇಲೆ ಕೂತು ಬಿಡಿಸಿದೆವು. ಇಲ್ಲಿ ಯಾರು ಯಾರನ್ನು ಕರೆಯುತ್ತಿದ್ದಾರೆ? ಒಬ್ಬ ಹೆಂಗಸು ಪಕ್ಕದಲ್ಲಿ ಕೂತ ಇನ್ನೊಬ್ಬ ಹೆಂಗಸಿಗೆ, ತಂಗಿ ಅಕ್ಕನಿಗೆ, ಬೆಳಗಾಗೆದ್ದು ಕನಸು ಹೇಳುತ್ತಿದ್ದಾಳೆ. ಪಕ್ಕದಲ್ಲಿರುವವರನ್ನು ಯಾರಾದರೂ ಗದ್ದೆಯಾಚೆ ಇರುವವರನ್ನು ಕೂಗಿದ ಹಾಗೆ ಕರೆಯುತ್ತಾರೆಯೇ? ಹಾಗಾದರೆ ಆ ಕರೆ ಮಧ್ಯಸಪ್ತಕದಲ್ಲೇ ಇರಲಿ. ತಾನ ಬೇಡ. ಕೊನೆಯ ಅಕ್ಷರವನ್ನು ನಡುಗಿಸದೆ ನೆಟ್ಟಗೆ ಬಿಡು. ಬಿಟ್ಟ ಮೇಲೆ ಎರಡು ಮಾತ್ರೆ ಖಾಲಿ ಇರಲಿ. ಕನಸು ಹೇಳುವವರು ಶುರು ಮಾಡುವ ಮೊದಲು ಒಂದು ಕ್ಷಣ ನೆನಪು ಮಾಡಿಕೊಳ್ಳುತ್ತಾರಲ್ಲ, ಆ ಹೊತ್ತು ಅದು. ಅಕ್ಕಿ, ಅಡಕೆ, ಕಾಯಿ ಇವೆಲ್ಲ ಮನೆಯಲ್ಲಿ ದಿನಾ ಕಾಣುವ ಸಾಮಾನು. ಅವನ್ನು ಎಣಿಸುವ ಹಾಗೆ ಸರಳವಾಗಿ ಹೇಳು. ನಿನ್ನ ಸೊಗಸು ಏನಿದ್ದರೂ ಭಿಕ್ಷೆಗೆ ಬರುವ ಆ ಜಡೆಗಳ ಗೊರವನಿಗೆ ಉಳಿಸಿಕೊ. ಅವನ ಬೆನ್ನು ಹತ್ತಿಯೇ ಅವಳು ಹೋಗುವುದು.

ಕೇಳಲು ಸುಲಭ. ಹಾಡಲು ಹೋದರೆ ಎರಡು ಮಾತ್ರೆ ಖಾಲಿ ಬಿಟ್ಟ ಕೂಡಲೇ ಸಮ್, ಅಂದರೆ ಆವರ್ತದ ಮೊದಲ ಮಾತ್ರೆ, ತಪ್ಪಿತು. ಇನ್ನೊಮ್ಮೆ ಮಾಡಿದರೆ ಮೌನದಲ್ಲಿ ಹೆದರಿ ಅರ್ಧ ಮಾತ್ರೆ ಮುಂಚೆಯೇ ಹಿಡಿದಳು. ತಾನ ಹಾಕುವಾಗ ಒಂದು ದಿನವೂ ಲಯ ತಪ್ಪದ ಹುಡುಗಿ ಸುಮ್ಮನಿರುವಾಗ ತಪ್ಪಿದಳು! ಯಾಕೆ? ತಾನದ ಒಂದೊಂದು ಸ್ವರವೂ ಮಾತ್ರೆ ಎಣಿಸಿಕೊಡುತ್ತದೆ. ಮೌನದಲ್ಲಿ ಎಣಿಸಿಕೊಡುವವರು ಯಾರೂ ಇಲ್ಲ, ಲಯ ಒಳಗೇ ನಡೆಯಬೇಕು. ಹಾಗಾಗಿ ಆ ಖಾಲಿ ಎರಡು ಮಾತ್ರೆಯನ್ನೇ ಒಂದಷ್ಟು ದಿನ ಅಭ್ಯಾಸ ಮಾಡಿಸಿದೆ. ನಾನು ಡಗ್ಗಾ ನಿಲ್ಲಿಸಿ ತಬಲಾದ ಅಂಚಿನ ಮೇಲೆ ಬರೀ ಬೆರಳು ಆಡಿಸುವುದು, ಆಮೇಲೆ ಅದನ್ನೂ ನಿಲ್ಲಿಸುವುದು. ಅವಳು ಸರಿಯಾಗಿ ಸಮ್‌ಗೆ ಬಂದ ದಿನ ಒಳಗೆ ಸೊಪ್ಪು ಸೋಸುತ್ತಿದ್ದ ನಮ್ಮ ಮನೆಯವರು ಕತ್ತು ಹೊರಗೆ ಹಾಕಿ, "ಇವತ್ತು ಏನು ಹಾಡಿದ್ಯೇ ನೀನು?" ಎಂದು ಕೇಳಿದರು. ಅದೇ ಹಾಡು, ಅದೇ ರಾಗ.

ಭಾವವನ್ನು ಯಾವುದರ ಜೊತೆ ಪ್ರಾಕ್ಟೀಸ್ ಮಾಡುವುದು ಎಂಬುದಕ್ಕೆ ನನ್ನ ಉತ್ತರ ಇದು: ಲಯದ ಜೊತೆಗೇ, ಶ್ರುತಿಯ ಜೊತೆಗೇ. ಭಾವದ್ದು ಬೇರೆ ಪೀರಿಯಡ್ ಇಲ್ಲ.

ವಚನ ಗಾಯನದಲ್ಲಿ ಈ ಕಷ್ಟ ಹೆಚ್ಚು. ಕೀರ್ತನೆಗೆ ಪಲ್ಲವಿ, ಚರಣ ಎಂಬ ಕಟ್ಟು ಇದೆ, ತಾಳದ ಮನೆ ಮೊದಲೇ ಕಟ್ಟಿಕೊಟ್ಟಿರುತ್ತಾರೆ. ವಚನ ಮಾತಿನ ನಡೆಯದ್ದು. ಸಾಲು ಒಂದು ಚಿಕ್ಕದು, ಒಂದು ದೊಡ್ಡದು. ಎಲ್ಲಿ ಉಸಿರು ತೆಗೆಯಬೇಕು, ಯಾವ ಪದವನ್ನು ಮತ್ತೆ ಹೇಳಬೇಕು, ಅಂಕಿತ ಸಮ್ ಮೇಲೆ ಬೀಳಬೇಕೋ ದಾಟಿ ಬೀಳಬೇಕೋ, ಎಲ್ಲವೂ ಹಾಡುವವರ ತಲೆಯ ಮೇಲೆ. ಮನಸೂರ, ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿ ಹಾಡಿದ ವಚನಗಳನ್ನು ತಬಲಾದ ಕಿವಿಯಿಂದ ಕೇಳಿ ನೋಡಿ. ಪದ ಎಲ್ಲಿ ಮುರಿಯಬಾರದೋ ಅಲ್ಲಿ ಮುರಿಯುವುದಿಲ್ಲ. ಅದಕ್ಕೆ ಬೇಕಾದ ಲೆಕ್ಕಾಚಾರ ಕೇಳುವವರ ಗಮನಕ್ಕೇ ಬರುವುದಿಲ್ಲ. ಬರಲೂಬಾರದು.

ರಾಗದ ಒಳಗೂ ಕತೆ ಇದೇ. ಮಕ್ಕಳಿಗೆ ಮೊದಲು ಕಲಿಸುವ ಭೂಪ್ ರಾಗಕ್ಕೆ ಐದೇ ಸ್ವರ: ಸ, ರಿ, ಗ, ಪ, ಧ. ದೇಶಕಾರಕ್ಕೂ ಅವೇ ಐದು. ಭೂಪ್ ಗಾಂಧಾರದ ಸುತ್ತ ಬೆಳೆಯುತ್ತದೆ, ರಾತ್ರಿಯ ಮೊದಲ ಹೊತ್ತಿನ ಗಂಭೀರ ರಾಗ. ದೇಶಕಾರ ಧೈವತವನ್ನು ಹಿಡಿದು ಮೇಲಿನ ಸ್ವರಗಳಲ್ಲೇ ಓಡಾಡುತ್ತದೆ, ಬೆಳಗಿನ ಚುರುಕಿನ ರಾಗ. ಸ್ವರ ಬದಲಾಗಿಲ್ಲ, ಎಲ್ಲಿ ನಿಂತೆ, ಯಾವುದನ್ನು ಮುಟ್ಟಿ ಬಿಟ್ಟೆ ಎಂಬುದು ಬದಲಾಯಿತು, ಅಷ್ಟಕ್ಕೇ ಮನಸ್ಸಿನ ಬಣ್ಣ ಬೇರೆಯಾಯಿತು. ಪೂರಿಯಾ, ಮಾರವಾ, ಸೋಹನಿ ಎಂಬ ಮೂರು ರಾಗಗಳದ್ದೂ ಇದೇ ಹಣೆಬರಹ. ಹಾಗಿರುವಾಗ ಧೈವತದ ಮೇಲೆ ಎಷ್ಟು ಹೊತ್ತು ನಿಲ್ಲಬೇಕು ಎಂಬ ಪಾಠವನ್ನು ತಂತ್ರ ಎನ್ನುತ್ತೀರೋ, ಭಾವ ಎನ್ನುತ್ತೀರೋ?

ಈ ಪ್ರಶ್ನೆಯನ್ನು ವಿಜ್ಞಾನಿಗಳೂ ಬಿಟ್ಟಿಲ್ಲ. ಲಾರಾ-ಲೀ ಬಾಲ್ಕ್‌ವಿಲ್, ವಿಲಿಯಂ ಫೋರ್ಡ್ ಥಾಂಪ್ಸನ್ ಎಂಬ ಇಬ್ಬರು ನಮ್ಮ ಹಿಂದೂಸ್ತಾನಿ ರಾಗಗಳ ಧ್ವನಿಮುದ್ರಣವನ್ನು ಆ ಸಂಗೀತದ ಪರಿಚಯವೇ ಇಲ್ಲದ ಪಾಶ್ಚಾತ್ಯ ಕೇಳುಗರಿಗೆ ಕೇಳಿಸಿ, 1999ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಲಾವಿದರು ಸಂತೋಷ, ದುಃಖ, ಸಿಟ್ಟು ತರಲು ನುಡಿಸಿದ್ದನ್ನು ಆ ಕೇಳುಗರು ಗುರುತಿಸಿದರು. ಹೇಗೆ? ವೇಗ, ರಾಗದ ನಡೆಯ ಸರಳತೆ, ತೊಡಕು, ಇಂಥ ಕಿವಿಗೆ ಸಿಗುವ ಗುರುತುಗಳಿಂದ. ಶಾಂತವೊಂದೇ ಅವರಿಗೆ ಸರಿಯಾಗಿ ಸಿಗಲಿಲ್ಲ. ಶಾಂತವನ್ನು ರಸಗಳ ಪಟ್ಟಿಗೆ ಸೇರಿಸಬೇಕೋ ಬೇಡವೋ ಎಂದು ನಮ್ಮ ಹಿಂದಿನ ಆಲಂಕಾರಿಕರೇ ಗುದ್ದಾಡಿದ್ದರು. ಪರದೇಶದವರಿಗೆ ತಪ್ಪಿದ್ದರಲ್ಲಿ ಆಶ್ಚರ್ಯವಿಲ್ಲ. 2003ರಲ್ಲಿ ಪ್ಯಾಟ್ರಿಕ್ ಯೂಸ್ಲಿನ್ ಮತ್ತು ಪೆಟ್ರಿ ಲೌಕ್ಕಾ ಅದುವರೆಗಿನ ಹತ್ತಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ತೋರಿಸಿದ್ದು ಇನ್ನೂ ಸ್ವಾರಸ್ಯದ್ದು. ಮಾತಿನ ದನಿಯಲ್ಲಿ ಭಾವ ಹೊರಬೀಳುವ ದಾರಿ ಮತ್ತು ಸಂಗೀತದಲ್ಲಿ ಹೊರಬೀಳುವ ದಾರಿ ಬಹುಮಟ್ಟಿಗೆ ಒಂದೇ. ದುಃಖದಲ್ಲಿರುವವರ ಮಾತು ನಿಧಾನ, ಮೆಲುದನಿ. ದುಃಖದ ಹಾಡೂ ಹಾಗೇ. ಅಂದಮೇಲೆ ಇದನ್ನು ತೋರಿಸಿ ಕಲಿಸಬಹುದು.

ನಮ್ಮ ದೊಡ್ಡ ಗಾಯಕರ ಬಗ್ಗೆ ಜನ ಆಡುವ ಮಾತಿನಲ್ಲೂ ಒಂದು ಎಡವಟ್ಟಿದೆ. ಮನಸೂರರ ಹಾಡು ಕೇಳಿ ಕಣ್ಣು ಒದ್ದೆ ಮಾಡಿಕೊಂಡವರು, "ಅವರದು ಬರೀ ಅನುಭಾವ, ಶಾಸ್ತ್ರ ಗೀಸ್ತ್ರ ಇಲ್ಲ" ಎನ್ನುವುದನ್ನು ಕೇಳಿದ್ದೇನೆ. ಪಾಪ! ಅವರು ಮೀರಜಿನಲ್ಲಿ ನೀಲಕಂಠ ಬುವಾ ಅವರ ಬಳಿ ಗ್ವಾಲಿಯರ್ ಪದ್ಧತಿ ಕಲಿತವರು. ಗ್ರಾಮಫೋನ್ ತಟ್ಟೆ ಹೊರಬಂದು ಹೆಸರಾದ ಮೇಲೂ ಮತ್ತೆ ಶಿಷ್ಯನಾಗಿ ಮಂಜಿಖಾನರ ಮುಂದೆ, ಅವರು ತೀರಿಕೊಂಡ ಮೇಲೆ ಭೂರ್ಜಿಖಾನರ ಮುಂದೆ ಕೂತವರು. ಆ ಜೈಪುರ-ಅತ್ರೌಲಿ ಘರಾಣೆಯ ತಾನಗಳು ತಾಳದ ಮಾತ್ರೆಯೊಳಗೆ ಹೆಣೆದುಕೊಂಡು ಬರುವ ಬಗೆ ಸಾಥಿಯ ಬೆವರಿಳಿಸುವಂಥದ್ದು. ರಾಗಗಳೂ ಅಪರೂಪದವು, ಎರಡು ರಾಗ ಬೆಸೆದ ಜೋಡು ರಾಗಗಳು. ಇಂಥ ಗಾಯಕ ತಮ್ಮ ಆತ್ಮಕತೆಗೆ 'ನನ್ನ ರಸಯಾತ್ರೆ' ಎಂದು ಹೆಸರಿಟ್ಟರು. ಲೆಕ್ಕ ದಾಟಿದವರು ಇಡಬಹುದಾದ ಹೆಸರು ಅದು.

ಗಂಗೂಬಾಯಿ ಹಾನಗಲ್ಲರದು ಬೇರೆ ದಾರಿ. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಅವರ ದನಿ ಗಡುಸಾಯಿತು. ಹೆಣ್ಣುದನಿಗೆ ಇಂಪೇ ಮುಖ್ಯ ಎಂದು ಎಲ್ಲರೂ ನಂಬಿದ್ದ ಕಾಲದಲ್ಲಿ ಅವರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಓಡಾಡಿ ಸವಾಯಿ ಗಂಧರ್ವರ ಬಳಿ ಕಲಿತರು. ಕೆಲವೇ ರಾಗಗಳನ್ನು ಹಿಡಿದು ತಿದ್ದಿ ತೀಡುವ ಶಿಸ್ತು ಆ ಗುರುವಿನದು. ಆ ದನಿಯಲ್ಲಿ ಒಂದೊಂದೇ ಸ್ವರವನ್ನು ಅವಸರವಿಲ್ಲದೆ ಬಿಚ್ಚುವುದನ್ನು ಕೇಳಿದರೆ ಇಂಪಿನ ಚಿಂತೆಯೇ ಬರುವುದಿಲ್ಲ. ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಕುಮಾರ ಗಂಧರ್ವರು ಕ್ಷಯ ತಗಲಿ, ವರ್ಷಗಟ್ಟಲೆ ಹಾಡದೆ ದೇವಾಸದಲ್ಲಿ ಹಾಸಿಗೆ ಹಿಡಿದರು. ಒಂದು ಶ್ವಾಸಕೋಶ ಕೆಟ್ಟಿತ್ತು. ಮರಳಿ ವೇದಿಕೆಗೆ ಬಂದಾಗ ಅವರ ಹಾಡಿಕೆಯಲ್ಲಿದ್ದದ್ದು ಚಿಕ್ಕ ಚಿಕ್ಕ ತುಣುಕು, ತಟ್ಟನೆ ಎದ್ದ ಸ್ವರ, ನಡುವೆ ಮೌನ. ಉಸಿರಿನ ಕೊರತೆ ಹಾಡಿನ ಕೊರತೆಯಾಗದಂತೆ ನೋಡಿಕೊಳ್ಳುವುದಕ್ಕೆ ಎಷ್ಟು ಹಿಡಿತ ಬೇಕು ಎಂಬುದು ಉಸಿರು ಕಟ್ಟಿ ಹಾಡಿದವರಿಗೆ ಗೊತ್ತು.

ನಮ್ಮ ಕಡೆಯ ಯಕ್ಷಗಾನ ಪ್ರಿಯರಿಗೆ ಇಷ್ಟು ದೂರದ ಉದಾಹರಣೆ ಬೇಡ. ಬಡಗಿನ ಆಟದಲ್ಲಿ ಯುದ್ಧ, ಅಬ್ಬರ ಬಂದರೆ ಚಂಡೆ ಏಳುತ್ತದೆ. ಕರುಣದ ಪದ ಬಂತೆಂದರೆ ಚಂಡೆಯವರು ಕೋಲು ಮಡಿಲಲ್ಲಿ ಇಟ್ಟು ಕೂರುತ್ತಾರೆ. ಭಾಗವತರ ಜೊತೆಗೆ ಮದ್ದಳೆ ಮಾತ್ರ. ರಂಗದಲ್ಲಿ ಗಟ್ಟಿ ಕೈಯ ಒಬ್ಬ ಕಲಾವಿದ ಸುಮ್ಮನೆ ಕೂತಿದ್ದಾನೆ, ಆಟಕ್ಕೆ ಅವನು ಕೊಡುತ್ತಿರುವುದು ಆ ಸುಮ್ಮನಿರುವಿಕೆಯನ್ನೇ. ತಬಲಾದಲ್ಲೂ ಅಷ್ಟೇ. ಡಗ್ಗಾದ ಮೇಲೆ ಅಂಗೈ ಬುಡ ಒತ್ತಿ ಎಳೆದರೆ ಗುಂಯ್ ಎನ್ನುವ ಒಂದು ನಾದ ಬರುತ್ತದೆ, ಜನರಿಗೆ ಪ್ರಾಣ. ಕಲಿತ ಹೊಸತರಲ್ಲಿ ಹುಡುಗರು ಅದನ್ನು ಎಲ್ಲ ಆವರ್ತದಲ್ಲೂ ತುರುಕುತ್ತಾರೆ. ಕೈ ನಿಜವಾಗಿ ಪಳಗಿದವನು ಇಡೀ ಹಾಡಿಗೆ ಒಂದು ಸಲ ಎಳೆದು ಬಿಡುತ್ತಾನೆ. ಮಳೆಗಾಲದಲ್ಲಿ ನಮ್ಮೂರಿನಲ್ಲಿ ಡಗ್ಗಾ ಥಂಡಿ ಹಿಡಿದು ಆ ನಾದ ಏಳುವುದೇ ಇಲ್ಲ, ಬಲ್ಬಿನ ಹತ್ತಿರ ಇಟ್ಟು ಕಾಯಿಸಬೇಕು. ಆಗ ಹುಡುಗರ ಸಾಥ್ ತಾನಾಗಿಯೇ ಸುಧಾರಿಸುತ್ತದೆ.

ತಯಾರಿಯ ಪ್ರದರ್ಶನ ಎಂಬ ರೋಗ ಇಲ್ಲ ಎಂದು ನಾನು ಹೇಳುತ್ತಿಲ್ಲ. ಇದೆ, ಬೇಕಾದಷ್ಟಿದೆ. ಚಪ್ಪಾಳೆಗಾಗಿ ದುಡುದುಡು ತಿಹಾಯಿ ಬಾರಿಸಿ ಹಾಡುವವರನ್ನು ಮುಳುಗಿಸುವ ಸಾಥಿಗಳಿದ್ದಾರೆ. ಅದಕ್ಕೆ ಮದ್ದು ಎಂದು ಈಗ ಮಕ್ಕಳಿಗೆ ಕೊಡುತ್ತಿರುವುದು ಇನ್ನೂ ಕೆಟ್ಟದ್ದು. "ಫೀಲ್ ಮಾಡಿ ಹಾಡು" ಎನ್ನುತ್ತಾರೆ. ಮಗು ಟಿ.ವಿ.ಯಲ್ಲಿ ಕಂಡ ಹಾಗೆ ಕಣ್ಣು ಮುಚ್ಚಿ, ಹುಬ್ಬು ಗಂಟಿಕ್ಕಿ, ಕೈ ಎತ್ತಿ ಇಳಿಸುತ್ತದೆ. ಸ್ವರ ಇದ್ದಲ್ಲೇ ಇರುತ್ತದೆ, ಹುಬ್ಬು ಮಾತ್ರ ಮೇಲೇರಿರುತ್ತದೆ. ಅಂಕ ಬೀಳುತ್ತದೆ! ಇದು ನನ್ನ ಹೊಟ್ಟೆಕಿಚ್ಚಿನ ಮಾತಲ್ಲ. ಚಿಯಾ-ಜುಂಗ್ ತ್ಸಾಯ್ ಎಂಬ ಸಂಶೋಧಕಿ 2013ರಲ್ಲಿ ಪ್ರಕಟಿಸಿದ ಅಧ್ಯಯನವಿದೆ. ಅಂತರರಾಷ್ಟ್ರೀಯ ಸಂಗೀತ ಸ್ಪರ್ಧೆಗಳ ಅಂತಿಮ ಮೂವರ ತುಣುಕುಗಳನ್ನು ಜನರಿಗೆ ಕೊಟ್ಟು, ಗೆದ್ದವರು ಯಾರೆಂದು ಊಹಿಸಲು ಹೇಳಿದರು. ಬರೀ ಧ್ವನಿ ಕೇಳಿದವರ ಊಹೆ ಚೀಟಿ ಎತ್ತಿದಷ್ಟೇ ನಿಜವಾಯಿತು. ಧ್ವನಿಯೇ ಇಲ್ಲದ ಮೂಕ ವಿಡಿಯೊ ನೋಡಿದವರು ಅವರಿಗಿಂತ ಎಷ್ಟೋ ಮೇಲು. ವೃತ್ತಿಪರ ಸಂಗೀತಗಾರರದ್ದೂ ಇದೇ ಫಲಿತಾಂಶ. ಧ್ವನಿಯೇ ಮುಖ್ಯ ಎಂದು ಹೇಳುತ್ತಿದ್ದವರು ಕಣ್ಣಿನಿಂದ ತೀರ್ಪು ಕೊಡುತ್ತಿದ್ದರು.

ಆದ್ದರಿಂದ ಸ್ಪರ್ಧೆಗಳಲ್ಲಿ ತೀರ್ಪುಗಾರರಾಗಿ ಕೂರುವ ಹಿರಿಯರಲ್ಲಿ, ಸಂಗೀತ ಕಲಿಸುವ ನನ್ನಂಥ ಮೇಷ್ಟರುಗಳಲ್ಲಿ ಒಂದು ಕೋರಿಕೆ. ಮಗು ಹಾಡುವಾಗ ಸ್ವಲ್ಪ ಹೊತ್ತು ಅದರ ಮುಖ ನೋಡಬೇಡಿ, ಕೇಳಿ. ಭಾವ ಸಾಲದು ಎನಿಸಿದರೆ ಹಾಗೆಂದು ಬರೆದು ಸಹಿ ಹಾಕಿ ಕಳಿಸಬೇಡಿ. ಯಾವ ಪದದಲ್ಲಿ ಸಾಲದು, ಯಾವ ಸ್ವರ ಬೇಗ ಬಿಟ್ಟಳು, ಎಲ್ಲಿ ಉಸಿರು ತೆಗೆದು ಅರ್ಥ ಮುರಿದಳು, ಎಲ್ಲಿ ಸುಮ್ಮನಿರಬೇಕಿತ್ತು ಎಂದು ಒಂದು ಸಾಲು ಬರೆಯಿರಿ. ಮರುದಿನ ಸಂಜೆ ಆ ಮಗುವಿಗೆ ಅಭ್ಯಾಸ ಮಾಡಲು ಏನಾದರೂ ಸಿಗುತ್ತದೆ.